ಸುನಂದಕ್ಕನ ಪಾಲಿನ ಬಿಸಿಲು

೨೦೦೩ರಲ್ಲಿ ನಾನು ಶಿರಸಿಯಲ್ಲಿ ಫಿಜಿಷಿಯನ್ ಆಗಿದ್ದೆ. ಹಾವೇರಿ ಕಡೆಯವನು, ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಆ ಮಾರ್ಚಿನಲ್ಲಿ ಹತ್ತಿರದ ಹಳ್ಳಿ ಹುಲಗೋಳದ ಸುನಂದಕ್ಕನನ್ನು ಗಂಡ ಮತ್ತು ಅತ್ತೆ ಎರಡೂ ಕಡೆ ಹಿಡಿದು ಕರೆತಂದರು. ನಲವತ್ತೂ ಆಗದ ಹೆಂಗಸು, ನೆಲದಿಂದ ಏಳಲಾರಳು. ವಾತವೆಂದು ಎಣ್ಣೆ ತಿಕ್ಕಿ ಸಾಕಾಗಿತ್ತು.

ಎಕ್ಸ್-ರೇಯಲ್ಲಿ ತೊಡೆಯೆಲುಬಿಗೆ ಸಣ್ಣ ಬಿರುಕು ಕಂಡಿತು. ಆಕೆ ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ. ಕ್ಯಾನ್ಸರ್ ಇರಬಹುದೇ ಎಂದು ನನಗೆ ಅನುಮಾನ ಬಂತು. ರಕ್ತ ತೆಗೆಯಲು ಉದ್ದ ತೋಳಿನ ರವಿಕೆ ಮೇಲೇರಿಸಿದಾಗ ಮುಂಗೈಯೆಲ್ಲ ಬಿಳಿ ಕಲೆ. ಅದು ತೊನ್ನು, ಅಂದರೆ ವಿಟಿಲಿಗೊ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ಬಣ್ಣದ ಕೋಶಗಳ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆ, ಅಂಟುವುದಿಲ್ಲ.

"ಬಿಸಿಲಿಗೆ ಹೋಗ್ತೀರೇನ್ರಿ?" ಎಂದು ಕೇಳಿದೆ.

ಉತ್ತರ ಅತ್ತೆಯಿಂದ ಬಂತು. "ಬಿಸಿಲಿಗೆ ಹೋಗಡ ಹೇಳಿ ಚರ್ಮದ ಡಾಕ್ಟ್ರೇ ಹೇಳಿದ್ದ. ಆರು ವರ್ಷಾತು, ಅಂಗಳಕ್ಕೂ ಬಿಟ್ಟಿದ್ನಿಲ್ಲೆ."

ಬಿಳಿ ಕಲೆ ಬಿಸಿಲಿಗೆ ಬೇಗ ಸುಡುತ್ತದೆ, ನಿಜ. ಆದರೆ ಉಳಿದ ಕಂದು ಚರ್ಮದ ಗತಿ? ಬಣ್ಣವೇ ಕೊಡೆಯಂತೆ ಬಿಸಿಲನ್ನು ತಡೆಯುವುದರಿಂದ, ವಿಟಮಿನ್ ಡಿ ತಯಾರಿಸಲು ನಮ್ಮಂಥವರಿಗೆ ಇನ್ನಷ್ಟು ಬಿಸಿಲು ಬೇಕು. ಅದಿಲ್ಲದೆ ಎಲುಬು ಮೆತ್ತಗಾಗುತ್ತದೆ. ವಿಟಮಿನ್ ಡಿ ಅಳೆಯಲು ರಕ್ತ ಹುಬ್ಬಳ್ಳಿಯ ಮೂಲಕ ಮುಂಬೈಗೆ ಹೋಯಿತು. ವರದಿ ಬರಲು ದಿನಗಳು ಬೇಕಿದ್ದವು. ನನ್ನ ಊಹೆ ತಪ್ಪಾಗಿ ಅದು ಕ್ಯಾನ್ಸರೇ ಆಗಿದ್ದರೆ ಆಕೆಯ ದಿನಗಳು ಸುಮ್ಮನೆ ಪೋಲಾಗುತ್ತಿದ್ದವು.

ತಡೆಯಲಾರದೆ ಒಂದು ಭಾನುವಾರ ಅವರ ಮನೆಗೇ ಹೋದೆ. ಬಂದವರಿಗೆ ಆಸರಿಗೆ, ಅಂದರೆ ಕುಡಿಯಲು ಏನಾದರೂ, ಮನೆಯೊಡತಿ ತಂದುಕೊಡುವುದು ಅಲ್ಲಿನ ಪದ್ಧತಿ. ಅಂದು ಪಾನಕ ತಂದವಳು ನಾದಿನಿ. ಸುನಂದಕ್ಕ ಬಾಗಿಲ ಹಿಂದೆ ಕೂತಿದ್ದಳು.

"ಕೈ ಬೆಳ್ಳಗಿದ್ದು ಹೇಳಿ ನೆಂಟರ ಎದುರು ಬತ್ತಿಲ್ಲೆ," ಎಂದು ಗಂಡ ತಗ್ಗಿದ ದನಿಯಲ್ಲಿ ಹೇಳಿದ. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ವರದಿ ಬಂತು. ವಿಟಮಿನ್ ಡಿ ಇಲ್ಲವೆನ್ನುವಷ್ಟು ಕಡಿಮೆ. ಬಿರುಕಿಗೆ ಕಾರಣ ಕ್ಯಾನ್ಸರ್ ಅಲ್ಲ, ಇದೇ. ಥೈರಾಯ್ಡ್ ಕೂಡ ಮಂದವಾಗಿತ್ತು. ತೊನ್ನಿನ ಬೆನ್ನಿಗೆ ಬರಬಲ್ಲ ಇನ್ನೊಂದು ಆಟೋಇಮ್ಯೂನ್ ತೊಂದರೆ. ವಾರಕ್ಕೊಂದು ವಿಟಮಿನ್ ಪುಡಿ, ದಿನಾ ಕ್ಯಾಲ್ಸಿಯಂ ಮತ್ತು ಥೈರಾಯ್ಡ್ ಮಾತ್ರೆ ಬರೆದೆ. ಕೈ ಮುಚ್ಚಿಕೊಂಡು, ಕಾಲು ಬೆನ್ನಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಿಸಿ ಎಂದೆ.

"ಒಬ್ಬ ಡಾಕ್ಟ್ರು ಬ್ಯಾಡ ಹೇಳ್ತ, ಒಬ್ಬ ಬೇಕು ಹೇಳ್ತ," ಎಂದು ಅತ್ತೆ ಗೊಣಗಿದರು. ಆದರೂ ಹಿತ್ತಿಲಲ್ಲಿ ಚಾಪೆ ಹಾಸಿಕೊಟ್ಟವರು ಅವರೇ.

ದೀಪಾವಳಿ ಹೊತ್ತಿಗೆ ಮತ್ತೆ ಹುಲಗೋಳಕ್ಕೆ ಹೋದೆ. ಪಾನಕದ ಲೋಟ ಹಿಡಿದು ಸುನಂದಕ್ಕನೇ ಜಗುಲಿಗೆ ನಡೆದು ಬಂದಳು. ಗಿಡ್ಡ ತೋಳಿನ ರವಿಕೆ.

"ಕೈ ಹಾಂಗೇ ಇದ್ದು," ಎಂದಳು. "ಕಾಲು ನೆಟ್ಟಗಾತು."

ಆಮೇಲೆ ನಾನು ಯಾವ ರೋಗಿಗೂ 'ಬೇಡ' ಎಂದಷ್ಟೇ ಹೇಳಿ ಕಳಿಸಲಿಲ್ಲ. ಏನು ಬೇಡ, ಎಷ್ಟು ಬೇಕು ಎಂಬುದನ್ನು ಮನೆಯ ಹಿರಿಯರ ಬಾಯಿಂದ ತಿರುಗಿ ಹೇಳಿಸಿಕೊಂಡೇ ಬಿಡುತ್ತಿದ್ದೆ.