ಮೂರು ಕಲ್ಲಿಗೂ ಅರಿಶಿನ

ಮಸಿ ಹಿಡಿದ ಮೂರು ಕಲ್ಲುಗಳ ಮುಂದೆ ದೇವಮ್ಮ ಕುಸಿದು ಕುಳಿತರು. ನಮ್ಮ ಪಕ್ಕದ ಮನೆಯ ಹಿರಿಯರು ಅವರು. ಹುಟ್ಟಿದೂರು ಕಬಿನಿ ಹಿನ್ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದು ಅಮ್ಮನವರ ಗುಂಡುಕಲ್ಲು ಹೊರಬಂದಾಗ ಅದಕ್ಕೆ ಅರಿಶಿನ ಹಚ್ಚಿ, ಹೂವಿಟ್ಟು ಬರುತ್ತಾರೆ. ಕಳೆದ ಬೇಸಿಗೆಯಲ್ಲಿ ನನ್ನನ್ನೂ ಜೊತೆಗೆ ಕರೆದೊಯ್ದಿದ್ದರು.

ದಡದುದ್ದಕ್ಕೂ ಕಾರುಗಳು, ಕಿವಿಗಡಚಿಕ್ಕುವ ಹಾಡು. ಅಮ್ಮನವರ ಜಾಗ ಬರಿದಾಗಿತ್ತು. ಅದರ ಪಕ್ಕದಲ್ಲೇ ಯಾರೋ ಮೂರು ಕಲ್ಲಿಟ್ಟು ಒಲೆ ಹೂಡಿ, ಕೋಳಿ ಸುಟ್ಟು ತಿಂದು ಹೋಗಿದ್ದರು. ಸುತ್ತ ಮೂಳೆ, ಒಡೆದ ಬಾಟಲಿ. ಕಲ್ಲು ಮೂರೂ ಹೆಚ್ಚುಕಡಿಮೆ ಒಂದೇ ಗಾತ್ರದವು.

ದೇವಮ್ಮ ಸೆರಗಿನಿಂದ ಒಂದೊಂದನ್ನೇ ಉಜ್ಜಿ ನೋಡಿದರು. ಮಸಿ ಹೋಗಲಿಲ್ಲ, ಯಾವುದು ಅಮ್ಮ ಎಂದು ಗುರುತು ಸಿಗಲಿಲ್ಲ. ಕೊನೆಗೆ ಮೂರಕ್ಕೂ ಅರಿಶಿನ ಹಚ್ಚಿ, ತಂದಿದ್ದ ಹೂವನ್ನು ಮೂರು ತುಂಡು ಮಾಡಿ ಇಟ್ಟರು.

“ನೀರೊಳ್ಗೇ ಚೆಂದಾಗಿದ್ಲು ಕಣವ್ವ, ನಮ್ ತಾಯಿ” ಎಂದರು.

ಮಳೆಗಾಲದಲ್ಲಿ ಅಣೆಕಟ್ಟು ತುಂಬಿತು. ಬೆಳೆಗೆ ನೀರು ಸಿಗುತ್ತದೆಂದು ಎಲ್ಲರಿಗೂ ಸಂತೋಷ. ನಾನೂ ಆ ಸುದ್ದಿ ಹೇಳಲು ಹೋದೆ. ಊರು ಮುಳುಗಿದ್ದನ್ನು ನೆನೆದು ಇಂದಿಗೂ ಕಣ್ಣೊರೆಸಿಕೊಳ್ಳುವ ದೇವಮ್ಮ ಕೇಳಿದ್ದು ಒಂದೇ ಮಾತು: “ಆ ಕಲ್ಲೆಲ್ಲ ಮುಳುಗುದ್ವಾ?”