ಅಕ್ಕನ ದೋಣಿಗೆ ತಂದ ವೈರು

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟಾರು ಸುತ್ತುವ ಅಂಗಡಿ ಇಟ್ಟಿದ್ದೆ. ಸುಟ್ಟ ಮೋಟಾರು ತಂದು ಇಳಿಸಿದರೆ ಎರಡೇ ದಿನಕ್ಕೆ ಹೊಸ ತಂತಿ ಸುತ್ತಿ ಕೊಡುತ್ತಿದ್ದೆ. ಹಾಗಾಗಿ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಕರೆಂಟಿನ ವಿಷಯಕ್ಕೆ ಯಾರಾದರೂ ಬಾಯಿ ಹಾಕಿದರೆ ಮೂಗಿನ ತುದಿಯಲ್ಲೇ ಸಿಟ್ಟು.

ಆ ಅಂಗಡಿ ಆಗಿದ್ದು ಅಕ್ಕನಿಂದ. ಅಪ್ಪ ನನ್ನನ್ನು ಗದ್ದೆಗೇ ಇಳಿಸಬೇಕೆಂದು ಪಟ್ಟು ಹಿಡಿದಾಗ, ಮದುವೆಯಾಗಿ ಹೋಗಿದ್ದ ಅಕ್ಕ ಬಂದು ಜಗಲಿ ಮೇಲೆ ಕೂತಳು. "ಅವ್ನ್ನ ಮೋಟ್ರು ಕೆಲ್ಸ ಕಲಿಯಾಕೆ ಕಳಿಸ್ತೀನಿ ಅನ್ನೋಗಂಟ ನಾನು ಈ ಮನೇಲಿ ಉಣ್ಣಾಕಿಲ್ಲ" ಅಂದಳು. ಅಪ್ಪ ಎರಡು ಹೊತ್ತು ತಡೆದರು, ಮೂರನೇ ಹೊತ್ತಿಗೆ ಸೋತರು.

ಅವಳನ್ನು ಕೊಟ್ಟಿದ್ದು ಬೂಕನಕೆರೆ ಕಡೆ, ಹಿನ್ನೀರಿನ ಅಂಚಿನ ಹಳ್ಳಿಗೆ. ಕನ್ನಂಬಾಡಿ ಕಟ್ಟೆ ತುಂಬಿತೆಂದರೆ ಅವರ ಮನೆಗೂ ಹಾಲಿನ ಡೈರಿಗೂ ನಡುವೆ ನೀರು ನಿಲ್ಲುತ್ತಿತ್ತು. ಬಳಸಿಕೊಂಡು ನಡೆದರೆ ಎರಡು ಗಂಟೆ, ದೋಣಿಯಲ್ಲಿ ಅರ್ಧ ಗಂಟೆ. ಆ ವರ್ಷ ಭಾವ ಹುಲ್ಲಿನ ಮೆದೆಯಿಂದ ಬಿದ್ದು ಭುಜ ಮುರಿದುಕೊಂಡಿದ್ದರು. ಹಾಲಿನ ಕ್ಯಾನು ಹೇರಿಕೊಂಡು ಬೆಳಗ್ಗೆ ಸಂಜೆ ಅಕ್ಕನೇ ಹುಟ್ಟು ಹಾಕುತ್ತಿದ್ದಳು. ಭಾವನನ್ನು ನೋಡಲು ಹೋದ ನನಗೆ ಅವಳ ಅಂಗೈ ಕಂಡಿದ್ದು ಸಾರು ಬಡಿಸುವಾಗ. ಬೊಬ್ಬೆ ಒಡೆದಿತ್ತು, ಅದರ ಮೇಲೆ ಅರಿಶಿನ ಮೆತ್ತಿದ್ದಳು. ನಾನು ಮುರಿದ ಮುದ್ದೆಯನ್ನು ತಟ್ಟೆಗೇ ಇಟ್ಟೆ.

"ಗೌರಿ ಹಬ್ಬದೊಳ್ಗೆ ಈ ದೋಣಿಗೆ ಮೋಟ್ರು ಕೂರಿಸ್ತೀನಿ ಕಣಕ್ಕ" ಎಂದೆ.

"ಮೊದ್ಲು ಉಣ್ಣು" ಅಂದಳು.

ಗುಜರಿಯಲ್ಲಿ ಹಳೇ ಟ್ರಾಕ್ಟರಿನ ಡೈನಮೋ ಸಿಕ್ಕಿತು. ಎಂಜಿನ್ನು ತಿರುಗಿಸಿದರೆ ಕರೆಂಟು ಕೊಡುವ ಡೈನಮೋ, ಬ್ಯಾಟರಿಯ ಕರೆಂಟು ಕೊಟ್ಟರೆ ತಾನೇ ತಿರುಗುತ್ತದೆ. ಅದಕ್ಕೆ ಉದ್ದನೆ ಕಂಬಿ ಸೇರಿಸಿ, ತುದಿಗೆ ತಗಡಿನ ಮೂರು ರೆಕ್ಕೆ ಬೆಸುಗೆ ಮಾಡಿಸಿದೆ. ಅಂಗಡಿಯಲ್ಲಿ ಬ್ಯಾಟರಿ ಪಕ್ಕದಲ್ಲಿಟ್ಟು ಗೇಣುದ್ದದ ತಂತಿಯಲ್ಲಿ ಮುಟ್ಟಿಸಿದರೆ ಎದುರಿಗಿನ ಹೋಟೆಲಿನವರು ಎದ್ದು ಬಂದು ನೋಡುವಷ್ಟು ಜೋರಾಗಿ ತಿರುಗಿತು.

ಇನ್ನು ವೈರು. ಅಲ್ಲೇ ನಾನು ಎಡವಿದ್ದು. ನಮ್ಮ ಕಡೆ ಕರೆಂಟು ಅಂದರೆ ಪಂಪ್‌ಸೆಟ್ಟು, ಪಂಪ್‌ಸೆಟ್ಟು ಅಂದರೆ ನಾನೂರು ವೋಲ್ಟು. ಅದನ್ನೇ ದಿನಾ ಕೈಯಲ್ಲಿ ಆಡಿಸುವವನಿಗೆ ಈ ಬ್ಯಾಟರಿಯ ಹನ್ನೆರಡು ವೋಲ್ಟು ಯಾವ ಲೆಕ್ಕ? ಮನೆ ದೀಪಕ್ಕೆ ಎಳೆಯುವ ತೆಳು ವೈರೇ ಧಾರಾಳ ಎಂದುಕೊಂಡೆ. ತೂಕ ಸಮವಾಗಲೆಂದು ಮೋಟಾರು ದೋಣಿಯ ಹಿಂದಕ್ಕೆ, ಬ್ಯಾಟರಿ ಮುಂದಕ್ಕೆ ಇಟ್ಟು, ಅಂಚಿನುದ್ದಕ್ಕೂ ಕ್ಲಿಪ್ಪು ಹೊಡೆದು ವೈರು ಎಳೆದೆ. ನೋಡಲು ಬಲು ಚೆಂದವಾಗಿತ್ತು.

ಹಬ್ಬಕ್ಕೆ ವಾರವಿರುವಾಗ ಬೆಳಗಿನ ಹಾಲು ಹೇರಿ ಹೊರಟೆವು. ದಡದಲ್ಲಿ ಭಾವ ಮುರಿದ ಭುಜದ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿಕೊಂಡು ನಿಂತಿದ್ದರು, ಅವರ ಹಿಂದೆ ಅರ್ಧ ಊರು. ಸ್ವಿಚ್ಚು ಒತ್ತಿದೆ. ಮೋಟಾರು ಗೊಣಗಿತು. ರೆಕ್ಕೆ ಮಜ್ಜಿಗೆ ಕಡೆಯುವ ಹಾಗೆ ನಿಧಾನ ತಿರುಗಿತು. ನಡುನೀರಿಗೆ ಬರುವಷ್ಟರಲ್ಲಿ ಗಾಳಿಗೆ ದೋಣಿ ಹಿಂದಕ್ಕೇ ಹೋಗತೊಡಗಿತು. ಬ್ಯಾಟರಿ ಮಾರಿದವನನ್ನು ಬೈದೆ, ರೆಕ್ಕೆ ಮಾಡಿದವನನ್ನು ಬೈದೆ, ಕೊನೆಗೆ ಗಾಳಿಯನ್ನೂ ಬಿಡಲಿಲ್ಲ. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಅಕ್ಕ ಸುಮ್ಮನೆ ಸ್ವಿಚ್ಚು ಆರಿಸಿ ಹುಟ್ಟು ಕೈಗೆತ್ತಿಕೊಂಡಳು. ಡೈರಿ ಮುಟ್ಟುವಷ್ಟರಲ್ಲಿ ಹಾಲಿನ ವ್ಯಾನು ಹೋಗಿತ್ತು. ಹಾಲೆಲ್ಲ ವಾಪಸ್ಸು ಬಂತು. ನಾಲ್ಕು ದಿನ ಆ ಬೀದಿಯ ಎಲ್ಲ ಮನೆಯಲ್ಲೂ ಮಜ್ಜಿಗೆ ಹುಳಿ.

ಬರುವಾಗ ನಾನು ಮತ್ತೆ ಸ್ವಿಚ್ಚು ಒತ್ತಿದೆ, ಮತ್ತೆ ಅದೇ ಗೊಣಗಾಟ. ಅವಳು ಮೋಟಾರು ಮುಟ್ಟಿದಳು, ಆಮೇಲೆ ವೈರು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಮೋಟ್ರು ತಣ್ಣಗದೆ, ವೈರು ಕಾದದೆ. ಕರೆಂಟು ದಾರೀಲೇ ಮುಗ್ದೋಯ್ತಾದೆ ಕಣ್ಲಾ" ಅಂದಳು.

"ಅನ್ನೆಲ್ಡು ವೋಲ್ಟ್ ಅಕ್ಕ ಇದು! ನಿಂಗೇನ್ ಗೊತ್ತಾಯ್ತದೆ?" ಎಂದು ರೇಗಿದೆ.

"ನಂಗೆ ನೀರು ಗೊತ್ತು. ಪಂಪಿನ ನೀರು ನೂಕ್ಕೊಂಡ್ ಬತ್ತದೆ, ಸಣ್ಣ ಪೈಪಾದ್ರೂ ಸಾಕು. ನಾಲೆ ನೀರು ಮೆತ್ತಗೆ ಬತ್ತದೆ, ಅದ್ಕೆ ಕಾಲುವೆ ಅಗಲ ತೆಗೀತೀವಿ. ನೂಕೋ ಬಲ ಇಲ್ದಿದ್ರೆ ದಾರಿ ಅಗ್ಲ ಬೇಕು. ನೀನು ಅದ್ನೇ ಸಣ್ಣಗೆ ತೆಗ್ದು ಗದ್ದೆಗೆ ನೀರು ಬರ್ನಿಲ್ಲ ಅಂತ ಕೂಗಾಡ್ತಾ ಇದ್ದೀಯ."

ನಾನೂ ವೈರು ಮುಟ್ಟಿದೆ, ಬೆರಳು ಸುಟ್ಟಿತು. ವೋಲ್ಟು ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಕರೆಂಟು ಹೆಚ್ಚು ಹರಿಯಬೇಕು, ಅದಕ್ಕೆ ದಪ್ಪ ತಂತಿ ಬೇಕು ಎಂಬುದು ನಾನು ಕಲಿತ ಮೊದಲ ಪಾಠಗಳಲ್ಲೇ ಇತ್ತು. ನಾಚಿಕೆಯಿಂದ ಅಂಚಿನ ಕ್ಲಿಪ್ಪುಗಳನ್ನೆಲ್ಲ ಕಿತ್ತು, ಆ ವೈರನ್ನು ಸುತ್ತಿಕೊಂಡು ಪಾಂಡವಪುರದ ಬಸ್ಸು ಹತ್ತಿದೆ.

ಗೌರಿ ಹಬ್ಬದ ಬೆಳಿಗ್ಗೆ ತವರಿನ ಬಾಗಿನ ಹೊತ್ತುಕೊಂಡು ಹೋದೆ. ಮೊರದಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ, ಅವುಗಳ ಜೊತೆ ಹೆಬ್ಬೆರಳು ದಪ್ಪದ ತಾಮ್ರದ ಬ್ಯಾಟರಿ ಕೇಬಲ್ಲು ಎರಡು ತುಂಡು. ತುದಿಗಳಿಗೆ, ಬ್ಯಾಟರಿಗೆ ಸಿಕ್ಕಿಸಲು, ತಾಮ್ರದ ಬಳೆ ಕೂರಿಸಿ ಬೆಸುಗೆ ಹಾಕಿದ್ದೆ. ಅಕ್ಕ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಕೇಬಲ್ಲಿಗೂ ಅರಿಶಿನ ಕುಂಕುಮ ಇಟ್ಟಳು. ಬ್ಯಾಟರಿಯನ್ನು ಹಿಂದಕ್ಕೆ ತಂದು ಮೋಟಾರಿನ ಪಕ್ಕದಲ್ಲೇ ಕೂರಿಸಿದೆ, ಬ್ಯಾಟರಿ ಬಾಯಲ್ಲೇ ಒಂದು ಫ್ಯೂಸು ಹಾಕಿದೆ. ಮುಂದಿನ ಭಾರಕ್ಕೆ ಹಾಲಿನ ಕ್ಯಾನುಗಳಿದ್ದವು.

ಸಂಜೆ ಹಾಲಿಗೆ ಹೊರಟೆವು. ಸ್ವಿಚ್ಚು ಒತ್ತಿದ ತಕ್ಷಣ ದೋಣಿ ಮುಂದಕ್ಕೆ ಜಗ್ಗಿತು. ದಡದಲ್ಲಿ ಭಾವ ನೆಟ್ಟಗಿದ್ದ ಒಂದೇ ಕೈಯನ್ನು ಎತ್ತಿ ಕೂಗಿದರು. ಅಕ್ಕ ಹೊಸ ಸೀರೆ ಉಟ್ಟು ನಡುಹಲಗೆಯ ಮೇಲೆ ಕೂತಿದ್ದಳು. ಸ್ವಲ್ಪ ಹೊತ್ತು ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಒಮ್ಮೆ ಹಲಗೆ ಹಿಡಿದಳು, ಒಮ್ಮೆ ಸೆರಗು ಹಿಡಿದಳು. ಆಮೇಲೆ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡಳು.

ಆಚೆ ದಡದಲ್ಲಿ ವ್ಯಾನು ಇನ್ನೂ ಬಂದಿರಲಿಲ್ಲ. "ಬೇಗ ಬಂದ್ಬುಟ್ವಲ್ಲೋ" ಅಂದಳು. ನಂತರ ಮೆಲ್ಲಗೆ, "ನನ್ನ ಹಿಂಗೆ ಕೂರಿಸ್ಕೊಂಡು ಕರ್ಕೊಂಡ್ ಓಗಿದ್ದು ಮದ್ವೆ ದಿನ ಅಪ್ಪ ಒಬ್ರೇ ಕಣ್ಲಾ" ಅಂದಳು.

ನನಗೆ ಕಣ್ಣು ತುಂಬಿತು. ಅವಳಿಗೆ ಕಾಣದಿರಲೆಂದು ಬಗ್ಗಿ ವೈರು ಮುಟ್ಟಿ ನೋಡಿದೆ. ತಣ್ಣಗಿತ್ತು.