ನಾಲ್ಕನೆಯ ತಲೆ

ದೊಡ್ಡ ಕಚೇರಿಯ ಗೋಡೆಗೆ ಬೇಕಾದ ಸಾಹೇಬರನ್ನೆಲ್ಲ ತಾಮ್ರದಲ್ಲಿ ಕೊರೆದು ಅಚ್ಚು ಹಾಕಿದವನು ಒಬ್ಬನೇ ಮುದುಕ. ತಗಡೂ ಒಂದೇ. ಸಿಂಹದ ಕಾಲಿನ ಕುರ್ಚಿ, ಹಿಂದೆ ಪರದೆ, ಯಾರೂ ಬಿಚ್ಚದ ದಪ್ಪ ಪುಸ್ತಕ, ತರಕಾರಿ ಚಾಕೂ ಹಿಡಿದು ಗೊತ್ತಿಲ್ಲದ ಕೈಗೊಂದು ಕತ್ತಿ. ಸಾಹೇಬ ಬದಲಾದರೆ ತಲೆಯನ್ನಷ್ಟೇ ಹೆರೆದು, ತಗಡಿನ ಬೆನ್ನಿಗೆ ತಟ್ಟಿ ಸಮ ಮಾಡಿ, ಹೊಸ ತಲೆ ಕೊರೆಯುವುದು. “ಕುರ್ಚಿ ಖಾಯಂ, ತಲೆ ಹಂಗಾಮಿ” ಎಂದು ನಗುತ್ತಿದ್ದ.

ನಾಲ್ಕನೆಯ ಸಾಹೇಬ ಬಂದ. ಹಿಂದೆಯೇ ಗುಮಾಸ್ತ ಬಂದು ಬಾಗಿಲಲ್ಲಿ ನಿಂತ. “ಹಿರೀರೇ, ಶುಕ್ರವಾರ ಚಿತ್ರ ಗೋಡೆ ಮೇಲಿರಬೇಕಂತೆ. ಇಲ್ಲಾಂದ್ರೆ ಮನೆ ಖಾಲಿ ಮಾಡ್ಬೇಕಂತೆ.”

ಮನೆ ಕಚೇರಿಯದು. ಮುದುಕನಿಗೂ, ಅಚ್ಚಿನ ಚಕ್ರ ತಿರುಗಿಸುವ ಮಗಳಿಗೂ ಬೇರೆ ಸೂರಿರಲಿಲ್ಲ.

ಮೂರು ತಲೆ ನುಂಗಿದ ಜಾಗ ಎಲೆಯಷ್ಟು ತೆಳ್ಳಗಾಗಿತ್ತು. ಎಷ್ಟು ಹೆರೆದರೂ ಹಳೆಯ ಸಾಹೇಬನ ಕಣ್ಣು ಹೋಗಲೊಲ್ಲದು; ಹೋಯಿತೆನ್ನುವಷ್ಟರಲ್ಲಿ ಅದರಡಿಯಿಂದ ಅವನ ಹಿಂದಿನವನ ಕಣ್ಣು. ರೇಗಿ ಇನ್ನೊಂದು ಎಳೆತ ಎಳೆದ. ಕೊರಳಿನ ಮೇಲೆ ಕೋಳಿಮೊಟ್ಟೆಯಷ್ಟು ತೂತು ಬಿತ್ತು.

“ಅಪ್ಪಾ, ಹೊಸ ತಗಡು ತಗೋ.”

“ಕುರ್ಚಿ ಕೊರೆಯೋಕೇ ಮೂರು ತಿಂಗಳು ಬೇಕು ಕಣೇ. ನಾಳೇನೇ ಶುಕ್ರವಾರ. ಮಸಿ ಹಚ್ಚು.”

“ಹುಚ್ಚು ಹಿಡೀತಾ? ತಲೇನೇ ಇಲ್ವಲ್ಲಪ್ಪಾ!”

“ನೀನು ಅಚ್ಚು ಹೊಡಿ. ಮುಖ ಆಮೇಲೆ ಪೆನ್ಸಿಲಲ್ಲಿ ಬರೀತೀನಿ.”

ಚಕ್ರ ತಿರುಗಿತು. ಒದ್ದೆ ಕಾಗದ ತೂತಿನೊಳಗೆ ಇಳಿದು, ಬಿಳೀ ಬಾವಿನಂತೆ ಉಬ್ಬಿ ಬಂತು. ಮುಟ್ಟಿದರೆ ಹರಿಯುವಷ್ಟು ತೆಳು. ಮುದುಕ ಪೆನ್ಸಿಲು ಕೆಳಗಿಟ್ಟ.

ಬೆಳಿಗ್ಗೆ, ಕಾಲು ಹಿಡಿದಾದರೂ ವಾಯಿದೆ ಕೇಳೋಣವೆಂದು ಅದನ್ನೇ ಒಯ್ದ. ಗುಮಾಸ್ತ ಸುರುಳಿ ಬಿಚ್ಚಿದ. ಬಿಚ್ಚಿದವನೇ ಎದ್ದು ನಿಂತ. ಪಕ್ಕದ ಮೇಜಿನವರೂ ಎದ್ದರು. ಅವರಿಗೆ ಕುರ್ಚಿ ಕಂಡಿತ್ತು, ಕತ್ತಿ ಕಂಡಿತ್ತು. ಸಾಹೇಬ ಬಂದು, ಆ ಬಿಳೀ ಬಾವಿನೆದುರು ನಿಂತು, ಕನ್ನಡಿ ಮುಂದೆ ನಿಂತವನಂತೆ ಕ್ರಾಪು ತೀಡಿಕೊಂಡ.

“ನನ್ನ ಹಾಗೇ ಇದೆ” ಅಂದ. “ಮನೇಲೇ ಇರು, ಹೋಗು.”

ಕೈಮುಗಿದ ಮುದುಕ, ಮನೆ ಉಳಿಸಿದವನ ಮುಖವನ್ನಾದರೂ ನೋಡೋಣವೆಂದು ತಲೆಯೆತ್ತಿದ. ಗುಂಡಿಗಳಿದ್ದವು, ಕಾಲರಿತ್ತು. ಅದರ ಮೇಲೇನಿತ್ತೆಂದು ಮಗಳು ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲ.

ಆ ಮನೆಯಲ್ಲೇ ಇನ್ನೂ ಹನ್ನೊಂದು ವರ್ಷ ಬದುಕಿದ. ಸಾಹೇಬರು ಬಂದರು, ಹೋದರು. ಚಿತ್ರ ಬದಲಿಸು ಎಂದು ಯಾರೂ ಬರಲಿಲ್ಲ.